ಧೂಪ ಎಳೆದುಕೊಂಡ ಬಾಗಿಲು

ಮೊನ್ನೆ ಬೆಳಿಗ್ಗೆ ಹಾಲು ಉಕ್ಕುವ ಹೊತ್ತಿಗೆ ಸರಿಯಾಗಿ ಫೋನು ಬಡಿದುಕೊಳ್ಳತೊಡಗಿತು. ಒಲೆ ಆರಿಸಿ, ಕೈ ಒರೆಸಿಕೊಂಡು ನೋಡಿದೆ. ಒಮಾನ್ ದೇಶದ ನಿಜ್ವಾದ ನಮ್ಮ ಹಳೆಯ ಕಂಪೌಂಡಿನ ವಾಟ್ಸಾಪ್ ಗುಂಪು. ‘ನಮ್ಮ ಸರ್ ಇನ್ನಿಲ್ಲ’ ಎಂದು ಯಾರೋ ಹಾಕಿದ್ದರು. ಮೈಸೂರಿನ ತಮ್ಮ ಮನೆಯಲ್ಲಿ ನಿದ್ದೆಯಲ್ಲೇ ಹೋದರಂತೆ. ನರಳದೆ ಹೋದರು, ಅದು ದೇವರ ದಯೆ. ಅಷ್ಟನ್ನು ನಾನು ಮನಸಾರೆ ಹೇಳಬಲ್ಲೆ.

ಕೈಮುಗಿದ ಚಿತ್ರಗಳು, ಉರಿಯುವ ದೀಪದ ಚಿತ್ರಗಳು ಸಾಲಾಗಿ ಬಂದವು. ಅವುಗಳ ಹಿಂದೆಯೇ ಆ ಹಳೆಯ ವಿಡಿಯೊ ಬಂತು. ಕಂಪೌಂಡಿನ ಸೌದೆ ಒಲೆಗೆ ಪೂಜೆ ನಡೆಯುತ್ತಿದೆ. ಒಂದು ಕೈ ಊದಿನಕಡ್ಡಿ ಬೆಳಗುತ್ತಿದೆ. ಮೇಲಕ್ಕೆ ಏಳಬೇಕಾದ ಹೊಗೆ ಎಳೆಎಳೆಯಾಗಿ ಬಾಗಿ ಒಲೆಯ ಬಾಗಿಲ ಮೂಲೆಯೊಳಗೆ ಹೋಗುತ್ತಿದೆ. ಹೆಂಗಸರ ಧ್ವನಿ, ಗೋವಿಂದ ನಾಮ. ಕೆಳಗೆ ಬರೆದಿದ್ದರು: ‘ಸರ್ ಅವರ ಭಕ್ತಿಗೆ ಅಗ್ನಿದೇವನೇ ಒಲಿದು ಬಂದ ಗಳಿಗೆ.’

ಊದಿನಕಡ್ಡಿ ಹಿಡಿದ ಆ ಕೈ ನನ್ನದು.

ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದು ಎಂದು ನಮ್ಮವ್ವ ಹೇಳುತ್ತಿದ್ದಳು. ಸುಳ್ಳು ಆಡು ಎಂದು ಮಾತ್ರ ಅವಳು ಹೇಳಿಕೊಟ್ಟಿರಲಿಲ್ಲ. ಆದ್ದರಿಂದ ಬರೆಯುತ್ತಿದ್ದೇನೆ.

ಅವರನ್ನು ನಾವೆಲ್ಲ ಕರೆಯುತ್ತಿದ್ದದ್ದು ಸರ್ ಎಂದೇ. ಅವರ ಹೆಂಡತಿ ಕೂಡ ನಮ್ಮ ಮುಂದೆ ‘ಸರ್ ಊಟಕ್ಕೆ ಕೂತಿದಾರೆ’ ಎನ್ನುತ್ತಿದ್ದರು. ಕಂಪನಿಯಲ್ಲಿ ಅವರು ಯಂತ್ರಗಳ ವಿಭಾಗದ ದೊಡ್ಡ ಎಂಜಿನಿಯರ್. ನಮ್ಮ ಮನೆಯವರು ಅವರ ಕೈಕೆಳಗೆ ಟೆಕ್ನಿಷಿಯನ್. ಬಾಗಲಕೋಟೆಯಲ್ಲಿ ಕೆಲಸವಿಲ್ಲದೆ ಕೂತಿದ್ದ ಇವರಿಗೆ ವೀಸಾ ಮಾಡಿಸಿ ಕರೆಸಿಕೊಂಡವರು ಅವರೇ. ನಾನು ಈ ದೇಶದಲ್ಲಿ ತಿಂದ ಮೊದಲ ತುತ್ತು ಅವರ ಮನೆಯ ಹುಳಿಯನ್ನ. ಅದನ್ನು ಮರೆತರೆ ನನ್ನ ನಾಲಿಗೆಗೆ ಹುಳ ಬೀಳಲಿ.

ಎತ್ತರದ ಆಳು. ಹಣೆಯಲ್ಲಿ ಅಕ್ಷತೆ, ಬಲಗೈ ಬೆರಳಲ್ಲಿ ನವರತ್ನದ ಉಂಗುರ. ಯಾವ ಯಂತ್ರದ ಮುಂದೆ ನಿಂತರೂ ಆ ಉಂಗುರದಿಂದ ಟಕ್ ಟಕ್ ಎಂದು ತಟ್ಟಿ, ಕಿವಿಗೊಟ್ಟು, ಆಮೇಲೆ ತೀರ್ಪು ಕೊಡುತ್ತಿದ್ದರು. ನಮ್ಮ ಮನೆಯ ಫ್ರಿಜ್ಜನ್ನೂ ಹಾಗೇ ತಟ್ಟಿದ್ದರು. ‘ಇದಕ್ಕೆ ಆಯುಸ್ಸು ಮುಗೀತಮ್ಮಾ’ ಎಂದರು. ಅದು ಈಗಲೂ ಓಡುತ್ತಿದೆ, ನನ್ನ ಪುಣ್ಯ.

ಎಡಗೈಯಲ್ಲಿ ಕೊಟ್ಟ ಏನನ್ನೂ ಅವರು ಮುಟ್ಟುತ್ತಿರಲಿಲ್ಲ. ಒಂದು ಸಲ ಮಮತಾ ಎಡಗೈಯಲ್ಲಿ ಬಾಳೆಹಣ್ಣು ಚಾಚಿದಾಗ ಕೈ ಹಿಂದಕ್ಕೆ ಕಟ್ಟಿಕೊಂಡು ನಿಂತುಬಿಟ್ಟರು. ಮಮತಾ ಉಡುಪಿ ಕಡೆಯವಳು, ನಮ್ಮ ಪಕ್ಕದ ಮನೆ. ಅವಳ ಬಲಗೈಯಲ್ಲಿ ಮಗು ಇತ್ತು.

“ಮಗು ಉಂಟಲ್ಲ ಸರ್ ಕೈಯಲ್ಲಿ,” ಎಂದಳು ಪಾಪ.

“ಮಗೂನ ಎಡಗೈಗೆ ತಗೊಳಮ್ಮಾ. ಮಗುಗೆ ಏನೂ ದೋಷ ಇಲ್ಲ, ಹಣ್ಣಿಗೆ ಇದೆ.”

ನಾವೆಲ್ಲ ನಕ್ಕೆವು. ಅವರು ನಗಲಿಲ್ಲ.

ನಮ್ಮವ್ವ ತೀರಿಕೊಂಡ ಸುದ್ದಿ ಬಂದಾಗ ನಮ್ಮ ಮನೆಯವರು ಕೆಲಸದ ಮೇಲೆ ದೂರ ಹೋಗಿದ್ದರು. ನನ್ನನ್ನು ನಿಜ್ವಾದಿಂದ ಮಸ್ಕತ್ತಿನ ವಿಮಾನ ನಿಲ್ದಾಣಕ್ಕೆ ತಮ್ಮ ಕಾರಿನಲ್ಲಿ ಕರೆದೊಯ್ದವರು ಸರ್. ನಿಲ್ದಾಣ ಕಾಣಿಸಿದಾಗ ಕಾರನ್ನು ಬದಿಗೆ ನಿಲ್ಲಿಸಿ, “ಅಳೋದಿದ್ರೆ ಇಲ್ಲೇ ಅತ್ತುಬಿಡಮ್ಮಾ. ಒಳಗೆ ಹೋದ್ರೆ ಪಾಸ್‌ಪೋರ್ಟು, ಚೆಕ್ಕಿಂಗು, ಅಳೋಕೆ ಬಿಡಲ್ಲ,” ಎಂದು ಕೆಳಗಿಳಿದು ಬೆನ್ನು ತಿರುಗಿಸಿ ನಿಂತರು. ನಾನು ಹೊಟ್ಟೆ ತುಂಬ ಅತ್ತೆ. ಅಂಥವರೂ ಹೌದು ಅವರು. ಅದಕ್ಕೇ ನನ್ನ ಸಿಟ್ಟಿಗೆ ಒಂದು ಕಡೆ ನಿಲ್ಲಲು ಜಾಗವಿಲ್ಲ.

ಇನ್ನು ಒಲೆಯ ಮಾತು. ನಿಜ್ವಾದಲ್ಲಿ ಬೇಸಿಗೆಗೆ ನಳ ತಿರುಗಿಸಿದರೆ ಮಾಳಿಗೆಯ ಟ್ಯಾಂಕಿನ ನೀರೇ ಕೈ ಸುಡುತ್ತದೆ. ಚಳಿಗಾಲದಲ್ಲಿ ಅದೇ ನೀರು ಮೂಳೆ ಕೊರೆಯುತ್ತದೆ. ನಮ್ಮ ಕಂಪೌಂಡಿನ ನಾಲ್ಕು ಮನೆಯವರೂ ಒಟ್ಟಿಗೆ ಗೀಸರ್ ಹಾಕಿದರೆ ಕರೆಂಟು ಹೋಗುತ್ತಿತ್ತು. ಜಾಗದ ಮಾಲೀಕ ಅರ್ಬಾಬ್‌ನ ಖರ್ಜೂರದ ತೋಟ ಹಿಂದೆಯೇ ಇತ್ತು. ವರ್ಷವರ್ಷ ಕಡಿದು ಹಾಕಿದ ಗರಿ, ಬೊಡ್ಡೆ ಅಲ್ಲೇ ಒಣಗುತ್ತಿದ್ದವು. ಸರ್ ಅದನ್ನು ನೋಡಿ, ಅರ್ಬಾಬ್‌ನನ್ನು ಒಪ್ಪಿಸಿ, ಅಂಗಳದಲ್ಲಿ ಸೌದೆ ಒಲೆ ಮಾಡಿಸಿದರು. ಆಳೆತ್ತರದ ಕಬ್ಬಿಣದ ಪೆಟ್ಟಿಗೆ; ಒಳಗೆ ಬೆಂಕಿ, ಸುತ್ತ ನೀರು, ನೆತ್ತಿಗೆ ಮುಚ್ಚಳ, ಅಲ್ಲಿಂದ ನಾಲ್ಕು ಬಚ್ಚಲಿಗೂ ಕೊಳವೆ. ಕೆಳಗೊಂದು ಗಾಳಿ ಕಿಂಡಿ. ಕಿಂಡಿ ತೆರೆದರೆ ಬೆಂಕಿ ಏಳಬೇಕು, ಮುಚ್ಚಿದರೆ ಸುಮ್ಮನೆ ಕೂರಬೇಕು. ಸೌದೆ ಹಾಕುವ ದೊಡ್ಡ ಬಾಗಿಲನ್ನು ಮಾತ್ರ ಸರ್ ಬೇರೆಯವರ ಕೈಗೆ ಬಿಡಲಿಲ್ಲ. ಅದರ ಅಂಚಿಗೆ, ಸಂದಿಯಿಂದ ಗಾಳಿ ನುಸುಳದಂತೆ, ಬೆಂಕಿ ತಡೆಯುವ ದಪ್ಪ ಹಗ್ಗವನ್ನು ಅವರೇ ಕೂತು ಕೂಡಿಸಿದರು.

ಎಷ್ಟೋ ಚಳಿಗಾಲ ಆ ಒಲೆ ನಮ್ಮನ್ನು ಸಾಕಿತು. ಕೂಸು ಹುಟ್ಟಿದವರಿಗೆ, ಜ್ವರ ಬಂದವರಿಗೆ ಹಗಲೂ ರಾತ್ರಿ ಬಿಸಿನೀರು. ಸರ್ ಆಫೀಸಿಗೆ ಹೋಗುವ ಮುಂಚೆ ಬಂದು ಅದನ್ನು ಉಂಗುರದಿಂದ ತಟ್ಟಿ ಹೋಗುತ್ತಿದ್ದರು, ದನದ ಬೆನ್ನು ತಟ್ಟಿದ ಹಾಗೆ.

ಒಂದು ಚಳಿಗಾಲದ ಕೊನೆಗೆ ಒಲೆ ಕೆಟ್ಟಿತು. ಕೆಟ್ಟಿತೆಂದರೆ ಆರಲಿಲ್ಲ, ಅತಿಯಾಗಿ ಉರಿಯತೊಡಗಿತು. ಕಿಂಡಿ ಮುಚ್ಚಿದರೂ ಬೆಂಕಿ ಕೂರದು. ನೀರು ಕುದಿದು ಕುದಿದು ಮುಚ್ಚಳದ ಸಂದಿಯಿಂದ ಉಗುಳುವುದು, ಗೋಡೆಯೊಳಗಿನ ಕೊಳವೆಗಳು ಢಣ್ ಢಣ್ ಎಂದು ಬಡಿದುಕೊಳ್ಳುವುದು. ಸೌದೆ ಹಾಕುವ ಪಾಳಿ ನಮ್ಮ ಮನೆಯವರದೇ ಹೆಚ್ಚು, ಕೈಕೆಳಗಿನವರಲ್ಲವೇ.

“ಏನಯ್ಯಾ, ಎಷ್ಟು ತುರುಕಿದೀಯ ಒಳಗೆ?”

“ನೀವು ಹೇಳಿದಷ್ಟ ಹಾಕೀನ್ರೀ ಸರ್.”

“ನಾನು ಹೇಳಿದಷ್ಟು ಹಾಕಿದ್ರೆ ಹೀಗೆ ಕುದಿಯುತ್ತೇನಯ್ಯಾ? ಬೆಂಕಿ ತಪ್ಪು ಮಾಡಲ್ಲ. ಮನುಷ್ಯ ಮಾಡ್ತಾನೆ.”

ಇದು ಅವರ ಮಂತ್ರ. ಬೆಂಕಿಯ ಜಾಗದಲ್ಲಿ ಪಂಪು ಬರುತ್ತಿತ್ತು, ವಾಲ್ವು ಬರುತ್ತಿತ್ತು; ಮನುಷ್ಯ ಮಾತ್ರ ಬದಲಾಗುತ್ತಿರಲಿಲ್ಲ. ಆ ಮನುಷ್ಯ ಅವರಲ್ಲದ ಇನ್ನೊಬ್ಬ.

ಸೌದೆ ತೀರಾ ಒಣಗಿದೆ ಎಂದರು. ಹಸಿ ಬೊಡ್ಡೆ ಬೆರೆಸಿದೆವು. ಚಿಮಣಿ ಹೆಚ್ಚು ಎಳೆಯುತ್ತಿದೆ ಎಂದರು. ಅದಕ್ಕೆ ಅಡ್ಡ ತಗಡು ಇಟ್ಟರು. ಗಡಸು ನೀರಿನ ಸುಣ್ಣ ಕಟ್ಟಿದೆ ಎಂದರು. ಇವರು ನೀರೆಲ್ಲ ಬಸಿದು ದಿನವಿಡೀ ಕೆರೆದರು. ಗಾಳಿ ಕಿಂಡಿಯನ್ನೇ ಹೊಸದು ಮಾಡಿಸಿದರು. ಒಲೆ ಮಾತ್ರ ಕೇಳಲಿಲ್ಲ. ಒಂದು ದಿನ ನಾನೇ ಬಾಯಿಬಿಟ್ಟೆ.

“ಸರ್, ಬಾಗಲಾ ಒಂದ್ಸಲ ನೋಡ್ರೀ. ಕುಕ್ಕರಿನ ರಬ್ಬರ್ ಗಟ್ಟಿ ಆದ್ರ ಮುಚ್ಚಳ ಎಷ್ಟ ಬಿಗಿ ಹಾಕಿದ್ರೂ ಬಾಜೂಕ ಉಸಿರು ಬಿಡತೈತಿ. ಇದರ ಹಗ್ಗಾನೂ ಹಂಗ ಆಗಿರಬೇಕು.”

“ಅಡಿಗೆಮನೆ ಬೇರೆ, ಎಂಜಿನಿಯರಿಂಗ್ ಬೇರೆ ಕಣಮ್ಮಾ,” ಎಂದರು ಸರ್. “ಆ ಬಾಗಿಲು ನಾನು ಕೂಡಿಸಿದ್ದು.”

ಅಲ್ಲಿಗೆ ಮಾತು ಮುಗಿಯಿತು. ಅಷ್ಟರಲ್ಲಿ ಸೆಕೆಯೂ ಬಂತು, ಒಲೆ ಆರಿಸಿದರು.

ಮತ್ತೆ ಹೊತ್ತಿಸಿದ್ದು ದೀಪಾವಳಿಗೆ. ನರಕ ಚತುರ್ದಶಿಯ ಹಿಂದಿನ ಸಂಜೆ ನೀರು ತುಂಬುವ ಹಬ್ಬ. ಊರಲ್ಲಿ ಬಚ್ಚಲ ಹಂಡೆ ತಿಕ್ಕಿ, ಕೆಮ್ಮಣ್ಣು ಸುಣ್ಣದ ಪಟ್ಟೆ ಬಳಿದು, ಹಾಗಲಬಳ್ಳಿ ಸುತ್ತುತ್ತೇವೆ. ನಿಜ್ವಾದಲ್ಲಿ ನಮಗೆ ಹಂಡೆ ಎಂದರೆ ಆ ಒಲೆಯೇ. ಕೆಮ್ಮಣ್ಣನ್ನು ಪ್ರತಿ ವರ್ಷ ಊರಿಂದ ತರುತ್ತಿದ್ದೆ. ಬಳ್ಳಿಗೆ ಅರ್ಬಾಬ್‌ನ ತೋಟದ ಸೋರೆಬಳ್ಳಿ. ನೀರು ತುಂಬಿ, ಶಾಸ್ತ್ರಕ್ಕೆ ಬೆಂಕಿ ಮಾಡಿ, ಆರತಿ ಎತ್ತುವುದು ನಮ್ಮ ಕಂಪೌಂಡಿನ ಪದ್ಧತಿ. ಆ ಸಂಜೆ ಊದಿನಕಡ್ಡಿ ಬೆಳಗಿದವಳು ನಾನು. ಕಡ್ಡಿಯನ್ನು ಬಾಗಿಲ ಮುಂದೆ ತಂದೆ, ಹೊಗೆ ಬಾಗಿತು. ಮೂಲೆಗೆ ತಂದೆ, ಸುರ್ರನೆ ಒಳಗೇ ಹೋಯಿತು.

“ಅಯ್ಯೋ ದೇವ್ರೇ, ಕಾಣಿ ಮಾರಾಯ್ರೆ!” ಎಂದು ಕೂಗಿದವಳು ಮಮತಾ. “ಹೊಗೆ ಒಳಗೆ ಹೋಗ್ತಾ ಉಂಟು! ಅಗ್ನಿದೇವ್ರು ಧೂಪ ತಗೊಂಡ್ರು!”

ಗೋವಿಂದಾ ಎಂದು ಎಲ್ಲರೂ ಕೈ ಮುಗಿದರು. ಫೋನುಗಳು ಹೊರಬಂದವು. ನಾನು ಸರ್ ಕಡೆ ನೋಡಿದೆ. ಅವರು ಹೊಗೆಯನ್ನು ನೋಡುತ್ತಿರಲಿಲ್ಲ. ಹೊಗೆ ಹೋಗಿ ಸೇರುತ್ತಿದ್ದ ಮೂಲೆಯನ್ನು ನೋಡುತ್ತಿದ್ದರು. ಯಂತ್ರ ಬಲ್ಲವರಿಗೆ ಅದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಅವರ ಮುಖ ಒಂದು ಕ್ಷಣ ಸಣ್ಣದಾಯಿತು. ಆಮೇಲೆ ಕಣ್ಣು ಮುಚ್ಚಿ, ಕೈ ಮುಗಿದರು.

“ಸರ್, ಅದು ಬಾಗಲಾ ಸೋರಾಕತ್ತೈತ್ರೀ,” ಎಂದೆ. “ಗಾಳೀನ ಒಳಗ ಎಳಕೊಳ್ಳಾಕತ್ತೈತಿ. ಅದಕ್ಕ ಬೆಂಕಿ ಕುಂಡ್ರವಲ್ದು.”

“ದೇವರ ಕಾರ್ಯದಲ್ಲಿ ಅಪಸ್ವರ ನುಡೀಬಾರದಮ್ಮಾ,” ಎಂದರು ಸರ್, ಕಣ್ಣು ಬಿಡದೆ.

ನಾನು ದಿನಾ ದೀಪ ಹಚ್ಚದೆ ನೀರು ಕುಡಿಯುವವಳಲ್ಲ. ಗುರುವಾರ ಒಪ್ಪತ್ತು, ಶನಿವಾರ ಹನುಮಪ್ಪನಿಗೆ ಎಣ್ಣೆ. ಆದರೆ ನನ್ನ ದೇವರು ತೂತಿನ ಹಿಂದೆ ಅಡಗಿ ಕೂರುವವನಲ್ಲ. ಆ ಸಂಜೆ ನನಗಾದಷ್ಟು ಅವಮಾನ ದೇವರಿಗೂ ಆಗಿರಬೇಕು.

ವಿಡಿಯೊ ನೋಡಿದ ನಿಜ್ವಾದ ಉಳಿದ ಕನ್ನಡದ ಮನೆಯವರು ಆ ರಾತ್ರಿಯೇ ಕಾರು ಮಾಡಿಕೊಂಡು ಬಂದರು. ಬರಿಗೈಲಿ ಬರುತ್ತಾರೆಯೇ? ಒಬ್ಬರು ತುಪ್ಪ, ಒಬ್ಬರು ಕೊಬ್ಬರಿ, ಒಬ್ಬರು ಕರ್ಪೂರದ ಪೊಟ್ಟಣ. ಬಾಗಿಲಿಗೆ ಕುಂಕುಮ ಹಚ್ಚಿ, ತಂದದ್ದನ್ನೆಲ್ಲ ಅಗ್ನಿದೇವನ ಬಾಯಿಗೆ ಹಾಕಿದರು. ಒಡೆದ ತೆಂಗಿನಕಾಯಿಯ ಚಿಪ್ಪುಗಳನ್ನೂ ಆಹುತಿಯೆಂದು ಒಳಗೇ ಎಸೆದರು. ಮೊದಲೇ ಸಿಟ್ಟಾಗಿದ್ದ ಬೆಂಕಿಗೆ ತುಪ್ಪ, ಚಿಪ್ಪು! ಸರ್ ಪಕ್ಕದಲ್ಲಿ ಕುರ್ಚಿ ಹಾಕಿಸಿಕೊಂಡು ಕೂತು, ಬಂದವರಿಗೆ ಒಲೆ ಕಟ್ಟಿದ ಕಥೆ ಹೇಳಿದರು. ಹಾಕಬೇಡಿ ಎಂದು ಒಂದು ಮಾತು ಆಡಲಿಲ್ಲ.

ಬೆಳಗಿನ ಜಾವ ಎಲ್ಲರೂ ಮೈಗೆ ಎಣ್ಣೆ ಹಚ್ಚಿಕೊಂಡು ಅಭ್ಯಂಜನಕ್ಕೆ ಕಾದಿದ್ದೆವು. ಕೊಳವೆಗಳು ಬಡಿದುಕೊಳ್ಳಲು ಶುರುಮಾಡಿದವು. ಹೊರಗೆ ಓಡಿ ಬಂದರೆ ಚಿಮಣಿಯ ಬುಡ ಕೆಂಪಗೆ ಕಾದಿತ್ತು, ಮುಚ್ಚಳ ಗಡಗಡ ನಡುಗುತ್ತಿತ್ತು. ಸರ್ ಪಂಚೆಯುಟ್ಟು, ತಲೆಯಿಂದ ಎಣ್ಣೆ ಇಳಿಯುತ್ತ ನಿಂತಿದ್ದರು.

“ಏನಯ್ಯಾ ನೋಡ್ತಾ ನಿಂತಿದೀಯ? ಮುಚ್ಚಳ ತೆಗೆದು ತಣ್ಣೀರು ಬಿಡು!”

“ಬ್ಯಾಡ್ರೀ ಸರ್,” ಎಂದರು ನಮ್ಮ ಮನೆಯವರು. “ಮೊದಲ ಎಲ್ಲಾ ಮನಿ ನಳಾ ಬಿಟ್ಟು ಬಿಸಿನೀರ ಹೊರಗ ಹಾಕೋಣ್ರಿ. ಒತ್ತಡ ಇಳೀಲಿ.”

“ಹಬ್ಬದ ಸ್ನಾನದ ನೀರನ್ನ ಮೋರಿಗೆ ಬಿಡ್ತೀಯಾ? ತೆಗಿ ಅಂದ್ರೆ ತೆಗಿ!”

ಇವರು ಏಣಿ ಹತ್ತಿದರು. ಒದ್ದೆ ಟವೆಲ್ಲು ಸುತ್ತಿದ ಬಲಗೈಯಿಂದ ಮುಚ್ಚಳ ಸರಿಸಿದ್ದೇ ತಡ, ಕುದಿನೀರು ಎದ್ದು ಬಿತ್ತು. ಆ ಕೂಗು ನನ್ನ ಕಿವಿಯಿಂದ ಇನ್ನೂ ಹೋಗಿಲ್ಲ. ಮಮತಾಳ ಗಂಡ ಇವರನ್ನು ಹಿಡಿದಿಳಿಸಿ ತಣ್ಣೀರ ನಳದ ಕೆಳಗೆ ಕೂರಿಸಿದ. ಹಾಗೇ ಎಣ್ಣೆ ಮೈಯಲ್ಲೇ ಆಸ್ಪತ್ರೆಗೆ ಹೋದೆವು.

ಮುಖ ಉಳಿಯಿತು. ಕಣ್ಣು ಉಳಿಯಿತು. ಎಡಗೈಗೆ ಒಂದು ಹನಿ ಸಿಡಿಯಲಿಲ್ಲ. ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಇವನ್ನೇ ಎಣಿಸಿ ಎಣಿಸಿ ದೇವರಿಗೆ ಕೈ ಮುಗಿದೆ. ಬಲಗೈ ಮಾತ್ರ ಉಳಿಯಲಿಲ್ಲ. ಅಂದರೆ ಇದೆ, ಬೆರಳು ಪೂರಾ ಮಡಚುವುದಿಲ್ಲ. ಸ್ಕ್ರೂ ಹಿಡಿಯಲಾರದ ಕೈಯವರನ್ನು ಟೆಕ್ನಿಷಿಯನ್ ಎಂದು ಯಾರು ಕರೆಯುತ್ತಾರೆ?

ಬಟ್ಟೆ ತರಲು ಮಧ್ಯಾಹ್ನ ಮನೆಗೆ ಬಂದೆ. ಒಲೆ ಶಾಂತವಾಗಿ ಕೂತಿತ್ತು, ಉಂಡು ಮಲಗಿದ ಎಮ್ಮೆಯ ಹಾಗೆ. “ನೀವು ಆಚೆ ಹೋದದ್ದೇ ಸರ್ ನಮ್ಮನ್ನೆಲ್ಲ ಒಳಗೆ ಕಳಿಸಿದ್ರು ಅಕ್ಕಾ,” ಎಂದಳು ಮಮತಾ. “ಮತ್ತೆ ಬಂದು ನೋಡುವಾಗ ತಣ್ಣಗಾಗಿತ್ತು. ಅವರು ಏನೋ ಜಪ ಮಾಡಿದ್ರು ಕಾಣ್ತದೆ.”

ನಾನು ಹತ್ತಿರ ಹೋಗಿ ನೋಡಿದೆ. ಹಬ್ಬಕ್ಕೆ ಕಲಸಿ ಮಿಕ್ಕಿದ್ದ ಕೆಮ್ಮಣ್ಣಿನ ಬಕೆಟ್ಟು ಬರಿದಾಗಿತ್ತು. ಬಾಗಿಲ ಆ ಮೂಲೆಗೆ ಆ ಮಣ್ಣನ್ನು ದಪ್ಪಗೆ ಮೆತ್ತಿದ್ದರು. ಮಣ್ಣಿನಲ್ಲಿ ಬೆರಳಿನ ಗುರುತು. ಒಂದು ಬೆರಳಿನ ಬುಡದಲ್ಲಿ ಉಂಗುರದ ಅಚ್ಚು, ಒಂದೊಂದು ಕಲ್ಲೂ ಕಾಣುವ ಹಾಗೆ. ಜಪ ಅಲ್ಲಿ ಮಾಡಿದ್ದರು ಅವರು.

ಮುಂದಿನ ವಾರ ಬಾಗಿಲಿಗೆ ಹೊಸ ಹಗ್ಗ ಬಂತು. ಒಲೆ ಮತ್ತೆಂದೂ ಅತಿಯಾಗಿ ಕುದಿಯಲಿಲ್ಲ.

ಕಂಪೌಂಡನ್ನು ಬಾಡಿಗೆಗೆ ಹಿಡಿದಿದ್ದದ್ದು ಕಂಪನಿಯೇ, ಆದ್ದರಿಂದ ಅವರು ವಿಚಾರಣೆಗೆ ಬಂದರು. ಕೈ ಸುಟ್ಟದ್ದು ಅಪ್ಪಣೆ ಪಾಲಿಸಿದ್ದಕ್ಕೋ, ಅಜಾಗರೂಕತೆಗೋ ಎಂಬುದರ ಮೇಲೆ ಇವರ ಕೆಲಸ ನಿಂತಿತ್ತು. ಸರ್ ಹೇಳಿದರು: “ಅವಸರ ಮಾಡಿದ. ನಾನು ಬೇಡ ಅಂದೆ.”

ಅಂಗಳದಲ್ಲಿ ಎಲ್ಲರ ಮುಂದೆಯೇ ನಾನು ಕೇಳಿದೆ. “ಬ್ಯಾಡ ಅಂದವರು ನಮ್ಮ ಮನಿಯವರು. ತೆಗಿ ಅಂದವರು ನೀವು. ಇಲ್ಲಿ ನಿಂತವರೆಲ್ಲಾ ಕೇಳ್ಯಾರ. ಹೌದಲ್ಲೋ?”

ಒಬ್ಬರು ಚಪ್ಪಲಿ ನೋಡಿಕೊಂಡರು, ಒಬ್ಬರಿಗೆ ಫೋನು ಬಂತು. ಎಲ್ಲರ ಗಂಡಂದಿರೂ ಸರ್ ಕೈಕೆಳಗಿನವರು. ಆಮೇಲೆ ಮಮತಾ ಅಡಿಗೆಮನೆಯ ಬಾಗಿಲಿಗೆ ಬಂದು ಅತ್ತಳು. “ನಮ್ಮವರ ವೀಸಾ ಅವರ ಕೈಯಲ್ಲುಂಟು ಅಕ್ಕಾ. ಮತ್ತೆ, ದೇವರೇ ಬಂದ ಒಲೆ. ಅದರಲ್ಲಿ ತಪ್ಪುಂಟು ಅಂತ ಹೇಗೆ ಹೇಳುವುದು?” ನಾನು ಅವಳಿಗೆ ಚಹಾ ಮಾಡಿ ಕೊಟ್ಟೆ. ಬೈಯಲು ನನ್ನಲ್ಲಿ ತ್ರಾಣವಿರಲಿಲ್ಲ.

ಇವರನ್ನು ಮಸ್ಕತ್ತಿನ ಹತ್ತಿರದ ಅಲ್ ಅಮೇರಾತಿನ ಗೋದಾಮಿಗೆ ಹಾಕಿದರು, ಸಾಮಾನು ಎಣಿಸುವ ಕೆಲಸಕ್ಕೆ. ಮನೆಗೆ ಕಳಿಸಲಿಲ್ಲವಲ್ಲ, ಅದೂ ದೊಡ್ಡದೇ. ಸರ್ ಶಿಫಾರಸು ಮಾಡಿದ್ದರಿಂದಲೇ ಉಳಿಸಿಕೊಂಡರಂತೆ. ಕೈ ಕಸಿದವರೇ ಅನ್ನ ಉಳಿಸಿದರು. ಇಂಥ ಲೆಕ್ಕವನ್ನು ಯಾವ ದೇವರ ಮುಂದೆ ಬಿಡಿಸಲಿ?

ಸರ್ ನಿವೃತ್ತರಾಗಿ ಊರಿಗೆ ಹೊರಡುವ ಮುಂಚೆ ಒಂದು ಸಲ ಅಮೇರಾತಿನ ನಮ್ಮ ಮನೆಗೆ ಬಂದರು. ಹೇಳಿ ಕಳಿಸಿರಲಿಲ್ಲ. ಬಾಗಿಲು ತೆರೆದರೆ ಅವರೊಬ್ಬರೇ, ಕೈಯಲ್ಲಿ ಮಸ್ಕತ್ ಹಲ್ವದ ಡಬ್ಬಿ. ನಾನು ಕಾಫಿ ಮಾಡಿದೆ. ನನ್ನ ಕೈಯಿಂದ ಲೋಟ ತೆಗೆದುಕೊಂಡು ನಮ್ಮ ಮನೆಯವರೇ ಅವರ ಮುಂದೆ ಹಿಡಿದರು, ಎಡಗೈಯಲ್ಲಿ. ಬಲಗೈಗೆ ಬಿಸಿ ಲೋಟ ನಿಲ್ಲುವುದಿಲ್ಲ. ಸರ್ ಆ ಎಡಗೈಯನ್ನು ನೋಡಿದರು. ಎದ್ದು ನಿಂತು, ಎರಡೂ ಕೈ ಚಾಚಿ ಲೋಟ ತೆಗೆದುಕೊಂಡರು, ತೀರ್ಥ ತೆಗೆದುಕೊಳ್ಳುವವರ ಹಾಗೆ.

ಅಷ್ಟು ಸಾಕೆನ್ನುತ್ತಾರೆ ನಮ್ಮ ಮನೆಯವರು, ಇಂದಿಗೂ. ನನಗೆ ಸಾಲಲಿಲ್ಲ.

“ಸರ್, ಒಂದ ಮಾತ ಕೇಳಲ್ಯಾ? ಅವತ್ತ ಬಾಗಲಕ್ಕ ಕೆಮ್ಮಣ್ಣು ಮೆತ್ತಿದವರು ಯಾರ್ರೀ?”

ಸರ್ ಕಾಫಿ ಊದಿದರು. ಬಹಳ ಹೊತ್ತು ಊದಿದರು.

“ಬೆಂಕಿ ತಪ್ಪು ಮಾಡಲ್ಲಮ್ಮಾ,” ಎಂದರು.

ಉಳಿದರ್ಧಕ್ಕೆ ನಾನು ಕಾದೆ. ಅದು ಬರಲಿಲ್ಲ. ಇವರು ನಡುವೆ ಬಾಯಿ ಹಾಕಿ, “ಸರ್‌ಗ ಇನ್ನೊಂದ ಚೂರು ಕಾಫಿ ಹಾಕು,” ಎಂದರು. ಹೊರಡುವಾಗ ಸರ್ ಷೂ ಹಾಕಿಕೊಳ್ಳುತ್ತ, ತಲೆಯೆತ್ತದೆ ಕೇಳಿದರು.

“ಚಳಿಗೆ ನೋಯುತ್ತೇನಯ್ಯಾ?”

“ಸ್ವಲ್ಪ, ಸರ್.”

“ಬಿಸಿನೀರಲ್ಲಿ ಇಟ್ಕೋ.”

ಅವರ ಕಾರು ಹೋದ ಮೇಲೆ ಹಲ್ವದ ಡಬ್ಬಿ ಹಿಡಿದು ನಿಂತೇ ಇದ್ದೆ. ಬಿಸಿನೀರು ತಿಂದ ಕೈಗೆ ಬಿಸಿನೀರಿನ ಔಷಧಿ. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಈ ಸಲ ಅಳಲು ಜಾಗ ಮಾಡಿಕೊಡಲು ಅವರಿರಲಿಲ್ಲ.

ಮೊನ್ನೆಯ ವಿಡಿಯೊದ ಕೆಳಗೆ ನಾನು ಬರೆದೆ: ‘ಸರ್‌ಗೆ ದೇವರು ಸದ್ಗತಿ ಕೊಡಲಿ. ಆದರೆ ಇದು ಪವಾಡವಲ್ಲ. ಬಾಗಿಲು ಸೋರುತ್ತಿತ್ತು. ಮರುದಿನ ಅದಕ್ಕೆ ನಮ್ಮ ಮನೆಯವರ ಕೈ ಹೋಯಿತು. ಸರ್‌ಗೂ ಗೊತ್ತಿತ್ತು.’ ಆಮೇಲೆ ಯಾರೋ, ‘ಇಂಥ ಹೊತ್ತಿನಲ್ಲಿ ಇಂಥ ಮಾತೇ?’ ಎಂದರು. ಅದಕ್ಕೆ ಹತ್ತಾರು ಕೈಮುಗಿದ ಗುರುತುಗಳು ಬಿದ್ದವು. ಮಮತಾ ಏನೂ ಹಾಕಲಿಲ್ಲ. ಅವಳು ಕೈ ಮುಗಿಯಲಿಲ್ಲ ಎಂಬುದೇ ನನಗೆ ಸಿಕ್ಕ ದಯೆ. ನಮ್ಮ ಮನೆಯವರು ಎಡಗೈ ಹೆಬ್ಬೆರಳಿಂದ ‘ಓಂ ಶಾಂತಿ’ ಎಂದು ಒತ್ತಿ, ಫೋನು ಕೆಳಗಿಟ್ಟರು.

“ಹಾಕಬಾರದಿತ್ತು ನೀ,” ಎಂದರು.

“ಹಾಕಬೇಕಿತ್ತು,” ಎಂದೆ.

ಸಂಜೆ ದೇವರ ಮುಂದೆ ಅವರ ಹೆಸರಿನಲ್ಲಿ ದೀಪ ಇಟ್ಟೆ. ಅವ್ವನಿಗಾಗಿ ಅಳಲು ಬಿಟ್ಟವರು. ಅಷ್ಟು ಋಣ ನನ್ನ ಮೇಲಿದೆ. ಊದಿನಕಡ್ಡಿ ಹಚ್ಚಿದೆ. ಹೊಗೆ ಎದ್ದಿತು, ಬಾಗಿತು, ಎಳೆಎಳೆಯಾಗಿ ಪಕ್ಕಕ್ಕೆ ಹೋಗತೊಡಗಿತು. ತಲೆಯೆತ್ತಿ ನೋಡಿದೆ: ಏಸಿ ಎಳೆಯುತ್ತಿತ್ತು. ಎದ್ದು ಹೋಗಿ ಏಸಿ ಆರಿಸಿ ಬಂದೆ. ಸ್ವಲ್ಪ ಹೊತ್ತಿಗೆ ಹೊಗೆ ನೆಟ್ಟಗಾಗಿ ಮೇಲಕ್ಕೆ ಹೊರಟಿತು.

ಆಮೇಲೆ ಕೈ ಮುಗಿದೆ.